ಅರ್ಧ ನಿಮಿಷದ ಭೀಮಸೇನರು

ಪುಣೆಯ ನಮ್ಮ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನಾ ಬೆಳಗ್ಗೆ ಹಿಂದೂಸ್ತಾನಿ ಗಾಯಕ ಭೀಮಸೇನ ಜೋಶಿಯವರು ಬರುತ್ತಾರೆ. ಎಷ್ಟು ಹೊತ್ತು? ಮೂವತ್ತು ಸೆಕೆಂಡಿನ ತುಣುಕು. ಒಂದು ಜೋರು ತಾನ್ (ವೇಗವಾಗಿ ಹರಿಯುವ ಸ್ವರಗಳ ಸಾಲು), ಮೇಲೆ ಹತ್ತು ಚಪ್ಪಾಳೆ ಚಿತ್ರ, ಮುಗಿಯಿತು.

ನನಗೆ ಸಂಕಟವಾಗುತ್ತದೆ. ವಿಲಂಬಿತ ಏಕತಾಲದ, ಅಂದರೆ ನಿಧಾನ ಗತಿಯ ಹನ್ನೆರಡು ಮಾತ್ರೆಯ ತಾಳದ, ಒಂದೇ ಸುತ್ತು ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಭೀಮಸೇನರ ಕಿರಾಣಾ ಘರಾಣೆಯ ಹಾಡುವ ಶೈಲಿಯ ಜೀವವೇ ಆ ನಿಧಾನದಲ್ಲಿದೆ. ಒಂದೊಂದೇ ಸ್ವರ ಹಿಡಿದು, ಅದರ ಮೇಲೆ ನಿಂತು, ರಾಗ ಬೆಳೆಸುವುದು. ಮೇಲಿನ ಷಡ್ಜಕ್ಕೆ, ಅಂದರೆ ‘ಸ’ ಸ್ವರಕ್ಕೆ, ತಲುಪುವ ಮುಂಚಿನ ಆ ಕಾಯುವಿಕೆ ಇಲ್ಲದೆ ತಾನ್ ಕೇಳಿ ಏನು ಸುಖ?

ಗದಗದ ಕಡೆಯ ಹುಡುಗ ಭೀಮಸೇನ ಗುರುವನ್ನು ಹುಡುಕಿ ಮನೆ ಬಿಟ್ಟು ಅಲೆದ. ಕೊನೆಗೆ ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ಕಲಿತ. ಅದೇ ಗುರುವಿನ ನೆನಪಿಗೆ 1953ರಲ್ಲಿ ಇದೇ ಪುಣೆಯಲ್ಲಿ ಉತ್ಸವ ಶುರುವಾಯಿತು. ಇಂಥ ಊರಿನಲ್ಲಿದ್ದು ನಾವು ಹೀಗಾ ಕೇಳುವುದು?

ಕಳಿಸುವವರು ಹುಡುಗರಲ್ಲ, ಎಲ್ಲರೂ ನನ್ನ ವಯಸ್ಸಿನವರೇ. ನಿವೃತ್ತರು, ಬೇಕಾದಷ್ಟು ಸಮಯ ಇದೆ, ಪ್ರೀತಿಯೂ ನಿಜ. ಹಾಗಾದರೆ ಪೂರ್ತಿ ಯಮನ್ ರಾಗ ಕಳಿಸಿ. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್ ಅವರನ್ನೂ ಕಳಿಸಿ, ಕತ್ತರಿಸದೆ. ಎಲ್ಲಿ ಮೈ ಜುಮ್ಮೆಂದಿತು ಅಂತ ಎರಡು ಸಾಲು ಬರೆಯಿರಿ. ನಾನು ಕೂತು ಕೇಳುತ್ತೇನೆ, ಉತ್ತರವನ್ನೂ ಬರೆಯುತ್ತೇನೆ.