ಅನುದಾನ ತಡವಾದರೆ ವಿದೇಶಿ ದೇಣಿಗೆಯಿಂದ ಸಂಬಳ? ಸ್ಪಷ್ಟನೆ

‘ಸರ್ಕಾರದ ಅನುದಾನ ಬರುವವರೆಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿಯ) ಖಾತೆಯಿಂದ ಸಂಬಳ ಕೊಟ್ಟು, ಆಮೇಲೆ ಹಣ ವಾಪಸ್ ತುಂಬಿದರಾಯಿತು’ ಎಂಬ ಸಲಹೆ ಸ್ವಯಂಸೇವಾ ಸಂಸ್ಥೆಗಳ ನಡುವೆ ಓಡಾಡುತ್ತಿದೆ. ಇದು ತಪ್ಪು.

2010ರ ಈ ಕಾಯ್ದೆಯ 8ನೇ ಕಲಂ ಪ್ರಕಾರ ವಿದೇಶಿ ದೇಣಿಗೆಯನ್ನು ಅದು ಬಂದ ಉದ್ದೇಶಕ್ಕೇ ಬಳಸಬೇಕು. ಅದರಲ್ಲಿ ಆಡಳಿತ ವೆಚ್ಚಕ್ಕೆ ಮಿತಿ ಶೇ 20. 2020ರ ತಿದ್ದುಪಡಿಗೆ ಮುನ್ನ ಶೇ 50 ಇತ್ತು. ವಾಪಸ್ ತುಂಬುವುದಂತೂ ಎರಡನೇ ತಪ್ಪು: 17ನೇ ಕಲಂ ಪ್ರಕಾರ ಆ ಖಾತೆಗೆ ದೇಶೀಯ ಹಣ ಬೀಳುವಂತೆಯೇ ಇಲ್ಲ. ಒಳ್ಳೆಯ ಉದ್ದೇಶವಿತ್ತೆಂದರೆ ಆಡಿಟರ್ ಒಪ್ಪುವುದಿಲ್ಲ.

ಹಾಗಾದರೆ ದಾರಿ? ದೇಶೀಯ ದೇಣಿಗೆಯ ಮೀಸಲು, ಇಲ್ಲವೇ ದೇಶೀಯ ಖಾತೆಯ ಮೇಲೆ ಓವರ್‌ಡ್ರಾಫ್ಟ್ (ಬ್ಯಾಂಕಿನ ತಾತ್ಕಾಲಿಕ ಸಾಲ). ಅದರ ಬಡ್ಡಿಯನ್ನು ಅನುದಾನದಲ್ಲಿ ತೋರಿಸುವ ಮುನ್ನ, ಅದಕ್ಕೆ ಅವಕಾಶವಿದೆಯೇ ಎಂದು ಮಂಜೂರಾತಿ ಆದೇಶ ಓದಿ. ಕೇಂದ್ರದ ಅನುದಾನವಾದರೆ 12-ಎ ನಮೂನೆಯ ಬಳಕೆ ಪ್ರಮಾಣಪತ್ರ (ಹಿಂದಿನ ಹಣ ಹೇಗೆ ಬಳಕೆಯಾಯಿತೆಂಬ ದೃಢೀಕರಣ) ಸಲ್ಲಿಸುವುದು ಬಾಕಿಯಿದೆಯೇ ನೋಡಿ. ಕಂತು ನಿಂತಿರುವುದು ಅಲ್ಲೇ ಇರಬಹುದು.