ಸ್ಟೋಕ್ ರೋದಲ್ಲಿ ಕಾಶಿರಾಜನ ಬಾವಿ

ಇಂಗ್ಲೆಂಡಿನ ಹಳ್ಳಿ ಅಂದರೆ ಒಂದು ಚರ್ಚು, ಒಂದೆರಡು ಪಬ್ಬು, ನಡುವೆ ಹುಲ್ಲಿನ ಬಯಲು, ಇಷ್ಟೇ ಅಲ್ವಾ? ಆಕ್ಸ್‌ಫರ್ಡ್‌ಶೈರಿನ ಸ್ಟೋಕ್ ರೋದಲ್ಲೂ ಚರ್ಚು, ಪಬ್ಬು ಎಲ್ಲ ಇವೆ. ಆದರೆ ಅಲ್ಲಿ ರಸ್ತೆ ಪಕ್ಕದಲ್ಲೇ ಕಬ್ಬಿಣದ ಕಂಬಗಳ ಮೇಲೊಂದು ಗುಮ್ಮಟ, ಗುಮ್ಮಟದಡಿ ರಾಟೆಯ ಯಂತ್ರ, ಯಂತ್ರದ ತಲೆ ಮೇಲೆ ಬಂಗಾರದ ಬಣ್ಣದ ಆನೆ! ಕಾಶಿಯ ಮಹಾರಾಜ ಈಶ್ವರಿ ಪ್ರಸಾದ್ ನಾರಾಯಣ್ ಸಿಂಗ್ ತೋಡಿಸಿಕೊಟ್ಟ ಬಾವಿ ಅದು.

ಕಾಶಿಗೂ ಆ ಊರಿಗೂ ಎಲ್ಲಿಯ ನಂಟು ಅಂತೀರಾ? ನಂಟಿನ ಹೆಸರು ಎಡ್ವರ್ಡ್ ಆಂಡರ್ಡನ್ ರೀಡ್. ಪಕ್ಕದ ಇಪ್ಸ್‌ಡೆನ್‌ನವನು, ಕಂಪನಿ ಸರ್ಕಾರದ ದೊಡ್ಡ ಅಧಿಕಾರಿಯಾಗಿ ನಮ್ಮ ಕಡೆ ಎಷ್ಟೋ ವರ್ಷ ಇದ್ದವನು. 1831ರಲ್ಲಿ ಆಜಂಗಢದ ಜನರಿಗೊಂದು ಬಾವಿ ಆಗುವಂತೆ ನೋಡಿಕೊಂಡಿದ್ದ. ಮಹಾರಾಜನ ಜೊತೆ ಮಾತಾಡುವಾಗ ತನ್ನೂರಿನ ಕಷ್ಟವನ್ನೂ ಹೇಳಿಕೊಂಡನಂತೆ. ಚಿಲ್ಟರ್ನ್ ಗುಡ್ಡಗಳೆಲ್ಲ ಸುಣ್ಣದ ಕಲ್ಲು, ಎಷ್ಟು ಮಳೆ ಬಂದರೂ ನೀರು ಸೀದಾ ಪಾತಾಳಕ್ಕೆ. ಜನ ಜೇಡಿಮಣ್ಣಿನ ಗುಂಡಿಗಳಲ್ಲಿ ನಿಂತದ್ದನ್ನೇ ತುಂಬಿಕೊಳ್ಳಬೇಕು, ಬೇಸಿಗೆಯಲ್ಲಿ ಅದೂ ಇಲ್ಲ. ಮನೆಯಲ್ಲಿ ಉಳಿದಿದ್ದ ಕೊನೇ ಗುಟುಕು ನೀರು ಕುಡಿದ ಅಂತ ಒಬ್ಬ ಹುಡುಗನಿಗೆ ಅವನ ತಾಯಿಯೇ ಹೊಡೆದಳಂತೆ. ಮಹಾರಾಜ ಅದನ್ನು ಮರೆಯಲಿಲ್ಲ.

1863ರ ಮಾರ್ಚಿನಲ್ಲಿ ಅಗೆತ ಶುರುವಾಯಿತು. ಬಾವಿಯ ಅಗಲ ಬರೀ 4 ಅಡಿ. ಅಷ್ಟು ಇಕ್ಕಟ್ಟಿನಲ್ಲಿ ಸರಿಯಾಗಿ ತೋಳು ಬೀಸೋಕೂ ಜಾಗ ಇಲ್ಲ, ಆದರೂ ಅಗೆದದ್ದೆಲ್ಲ ಕೈಯಿಂದಲೇ. ಹಾಗೇ ಇಳಿದು ಇಳಿದು ಕೊನೆಗೆ 368 ಅಡಿ ಆಳ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚನ್ನು ಒಳಗೆ ನಿಲ್ಲಿಸಿದರೆ ಶಿಖರವೂ ಮುಳುಗೀತು, ಅದರ ಎತ್ತರ 365 ಅಡಿ. ಕೆಳಗೆ ಒಂದು ಮೇಣದಬತ್ತಿಯೋ ಲಾಟೀನೋ ಹಿಡಿದು, ತಲೆ ಮೇಲೆ ಕಲ್ಲಿನ ಬುಟ್ಟಿ ಏರಿ ಹೋಗುತ್ತಿರುವಾಗ ಅಗೆಯುತ್ತಿದ್ದವನ ಎದೆ ಹೇಗಿದ್ದಿರಬೇಕು! ದಾನಿಯ ಹೆಸರು ಗುಮ್ಮಟದ ಮೇಲಿದೆ, ಸರಿ. ನನಗೆ ಮಾತ್ರ ಈ ಮನುಷ್ಯನೇ ಜಾಸ್ತಿ ನೆನಪಾಗುತ್ತಾನೆ.

ಖರ್ಚು ಸುಮಾರು 353 ಪೌಂಡ್. 1864ರ ಮೇ 24ರಂದು, ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬದ ದಿನ, ಬಾವಿ ಊರಿನದಾಯಿತು. ಅಷ್ಟು ಆಳದಿಂದ ಒಂದು ಬಕೆಟ್ ಮೇಲೆ ಬರಲು ಹತ್ತು ನಿಮಿಷ ಬೇಕಿತ್ತಂತೆ. ಸಾಲಿನಲ್ಲಿ ನಿಂತವರ ಮಧ್ಯೆ ಊರಿನ ಸುದ್ದಿಯೆಲ್ಲ ಮುಗಿದುಹೋಗುವಷ್ಟು ಹೊತ್ತು ಬಿಡಿ.

ಇಷ್ಟಕ್ಕೇ ಮುಗಿಸಿದ್ದರೆ ದಾನ ಅನ್ನಬಹುದಿತ್ತು. ಇಲ್ಲಿ ಲೆಕ್ಕಾಚಾರವೂ ಇದೆ. ನೀರು ಎಲ್ಲರಿಗೂ ಪುಕ್ಕಟೆ, ಹಾಗಾದರೆ ಯಂತ್ರದ ರಿಪೇರಿಗೆ, ಕಾವಲುಗಾರನಿಗೆ ದುಡ್ಡೆಲ್ಲಿಂದ? ಅದಕ್ಕಾಗಿ ಪಕ್ಕದಲ್ಲೇ ಚೆರಿ ತೋಟ ಹಾಕಿಸಿದರು, ಹಣ್ಣು ಮಾರಿದ ಹಣ ಬಾವಿಗೆ. ತೋಟದ ಹೆಸರು ಈಶ್ರೀ ಬಾಗ್! ಅದರೊಳಗೆ ಮೀನಿನ ಆಕಾರದ ಕೊಳ ಬೇರೆ, ಮೀನು ರಾಜನ ಲಾಂಛನ. ಕಾವಲುಗಾರನಿಗೆ ಪುಟ್ಟ ಮನೆ. ದಾನ ಕೊಟ್ಟು ಕೈ ತೊಳೆದುಕೊಳ್ಳುವವರು ಈ ಚೆರಿ ಲೆಕ್ಕವನ್ನೊಮ್ಮೆ ನೋಡಬೇಕು.

ಮಹಾರಾಜ ಸ್ಟೋಕ್ ರೋಗೆ ಬರಲೇ ಇಲ್ಲ. 1964ರಲ್ಲಿ ನೂರು ವರ್ಷ ತುಂಬಿದಾಗ ಎಲಿಜಬೆತ್ ರಾಣಿಯ ಗಂಡ ಫಿಲಿಪ್ ಬಂದ, ಬಾವಿಗೆ ಗಂಗಾಜಲ ಸುರಿದರು. ಅಷ್ಟರಲ್ಲಾಗಲೇ ನಲ್ಲಿ ನೀರು ಬಂದು ರಾಟೆಗೆ ಕೆಲಸ ಇರಲಿಲ್ಲ. ಅಂದಹಾಗೆ, ರೀಡ್‌ನ ಸ್ವಂತ ಊರು ಇಪ್ಸ್‌ಡೆನ್ ಸುಮ್ನೆ ನೋಡ್ತಾ ಕೂರಬೇಕಾಗಲಿಲ್ಲ. ಅವರಿಗೂ ಒಂದು ಬಾವಿ ಸಿಕ್ಕಿತು. ಕೊಟ್ಟವನು ಇನ್ನೊಬ್ಬ ರಾಜ, ದೇವನಾರಾಯಣ್ ಸಿಂಗ್.