ಇಲ್ಲದ ಕ್ಲಚ್ಚಿನ ಮೇಲೆ ಅಪ್ಪನ ಎಡಗಾಲು

ಮೂವತ್ತು ವರ್ಷ ಕ್ಲಚ್ ತುಳಿದ ಎಡಗಾಲಿಗೆ ನಿವೃತ್ತಿ ಕೊಡಿಸುವುದು ಸರ್ಕಾರಿ ನೌಕರನಿಗೆ ಕೊಡಿಸಿದಷ್ಟು ಸಲೀಸಲ್ಲ. ನೌಕರನಿಗಾದರೆ 60 ತುಂಬಿದ ಕೂಡಲೇ ಶಾಲು ಹೊದಿಸಿ, ಹಾರ ಹಾಕಿ ಮನೆಗೆ ಕಳಿಸಬಹುದು. ಎಡಗಾಲು ಮರುದಿನವೂ ಡ್ಯೂಟಿಗೆ ಹಾಜರ್.

ಕಲಬುರಗಿಯ ಸೂಪರ್ ಮಾರ್ಕೆಟ್ ಗದ್ದಲದಲ್ಲಿ ಮನೆಯ ಹೊಸ ಆಟೋಮ್ಯಾಟಿಕ್ ಕಾರು ಹೊರಟಿದೆ ಅನ್ನಿ. ಸ್ಟೇರಿಂಗ್ ಅಪ್ಪನ ಕೈಯಲ್ಲಿ. ಮುಂದಿನ ಟಂಟಂ ಆಟೋ ಹೇಳದೆ ಕೇಳದೆ ನಿಲ್ಲುತ್ತದೆ. ಬಲಗಾಲು ಬ್ರೇಕಿಗೆ ಹೋಗುತ್ತದೆ, ಎಡಗಾಲು ಕ್ಲಚ್ಚಿಗೆ. ಅಂದರೆ ಹಳೇ ಗಾಡಿಯಲ್ಲಿ ಕ್ಲಚ್ ಇದ್ದ ಜಾಗಕ್ಕೆ. ಆಟೋಮ್ಯಾಟಿಕ್ ಗಾಡಿಗಳಲ್ಲಿ ಬ್ರೇಕ್ ಪೆಡಲ್ ಅಗಲವಾಗಿರುವುದರಿಂದ ಆ ಜಾಗದ ಹತ್ತಿರಕ್ಕೆ ಅದೇ ಚಾಚಿಕೊಂಡಿರುತ್ತದೆ. ಬಲಗಾಲು ಬ್ರೇಕನ್ನು ಅಳೆದು ತೂಗಿ ಒತ್ತಲು ಕಲಿತಿದೆ. ಎಡಗಾಲಿಗೆ ಆ ಸಂಸ್ಕಾರವಿಲ್ಲ, ಅದು ಬಲ್ಲದ್ದು ನೆಲ ಮುಟ್ಟುವ ತನಕ ತುಳಿಯುವುದನ್ನಷ್ಟೇ. ಗಾಡಿ ಇದ್ದಲ್ಲೇ ಮೂಗು ಊರಿ ನಿಲ್ಲುತ್ತದೆ. ಹಿಂದಿನ ಸೀಟಿನಲ್ಲಿ ಅವ್ವನ ಮಡಿಲಲ್ಲಿದ್ದ ಶೇಂಗಾ ಹಿಂಡಿಯ ಡಬ್ಬಿ ಮುಂದಿನ ಗಾಜಿಗೆ ಬಡಿಯುತ್ತದೆ. "ಗಾಡಿ ಹೊಡಿಲತ್ತೀರೋ, ಹೊಲದಾಗ ಹೆಂಟಿ ಒಡಿಲತ್ತೀರೋ?" ಎಂದು ಹಿಂದಿನಿಂದ ವಿಚಾರಣೆ ಶುರು.

ಇದಕ್ಕೆ ಔಷಧ ಒಂದೇ. ಹೊರಡುವ ಮೊದಲು ಎಡಗಾಲನ್ನು ಪೂರ್ತಿ ಹಿಂದಕ್ಕೆಳೆದು ಹಿಮ್ಮಡಿಯನ್ನು ಸೀಟಿನ ಬುಡಕ್ಕೆ ತಾಗಿಸಬೇಕು, ಇಲ್ಲವೇ ಎಡಗಡೆ ಕಾಲಿಡಲೆಂದೇ ಇರುವ ಪಟ್ಟಿಯ ಮೇಲೆ ಇಟ್ಟು ಮರೆಯಬೇಕು. ಮೊದಲ ವಾರ ಖಾಲಿ ಮೈದಾನದಲ್ಲಿ ಬ್ರೇಕ್ ಹಾಕಿ ಹಾಕಿ ಬಿಟ್ಟರೆ ಕಾಲಿಗೆ ಬುದ್ಧಿ ಬರುತ್ತದೆ. ಸಂತೆಯ ದಿನ ಕಲಿಸಹೋದರೆ ಹಿಂಡಿ ನಷ್ಟ.

ಮಗ ಇದನ್ನು ನೋಡಿ ನಗುತ್ತಾನೆ. ಅವನ ಸರದಿ ರೈಲ್ವೆ ಓವರ್‌ಬ್ರಿಜ್ ಏರಿನ ಮೇಲೆ ಕಾದಿರುತ್ತದೆ. ಟ್ರಾಫಿಕ್ ನಿಂತಾಗ ಬ್ರೇಕ್ ಒತ್ತುವ ಬದಲು ಎಕ್ಸಲರೇಟರನ್ನೇ ಹದವಾಗಿ ಒತ್ತಿಹಿಡಿದು, ಗಾಡಿ ಹಿಂದಕ್ಕೂ ಜಾರದಂತೆ ಮುಂದಕ್ಕೂ ಹೋಗದಂತೆ ತೇಲಿಸುತ್ತ ಮೊಬೈಲ್ ನೋಡುತ್ತಾನೆ. ಗಾಡಿ ಎಎಂಟಿ, ಅಂದರೆ ಹಳೇ ಗೇರಿನ ಪೆಟ್ಟಿಗೆಯನ್ನೇ ಯಂತ್ರದ ಕೈಗೆ ಕೊಟ್ಟ ಆಟೋಮ್ಯಾಟಿಕ್. ಅದರಲ್ಲಿ ಕ್ಲಚ್ ಪೆಡಲ್ ಇಲ್ಲ, ಕ್ಲಚ್ ಪ್ಲೇಟ್ ಮಾತ್ರ ಮೊದಲಿನ ಹಾಗೆಯೇ ಒಳಗೆ ಕೂತಿದೆ. ತುಳಿಯುವ ಕೆಲಸವನ್ನು ಕಾಲಿನ ಬದಲು ಯಂತ್ರ ಮಾಡುತ್ತದೆ. ಏರಿನಲ್ಲಿ ಹೀಗೆ ತೇಲಿಸಿದರೆ ಪ್ಲೇಟ್ ಅರ್ಧ ಹಿಡಿದು ಅರ್ಧ ಜಾರುತ್ತ ಕಾಯುತ್ತದೆ. ಎರಡು ನಿಮಿಷಕ್ಕೆ ಸುಟ್ಟ ವಾಸನೆ. "ಯಾರೋ ಟೈರ್ ಸುಡ್ಲತ್ತಾರ ನೋಡು" ಎಂದು ಮಗ ಕಿಟಕಿ ಏರಿಸಿ ಎಸಿ ಹಾಕುತ್ತಾನೆ.

ಹೀಗೆ ಒಬ್ಬ ಇಲ್ಲದ ಕ್ಲಚ್ ತುಳಿಯುತ್ತಾನೆ, ಇನ್ನೊಬ್ಬ ಇರುವ ಕ್ಲಚ್ ಸುಡುತ್ತಾನೆ.

ಅಪ್ಪನ ತಪ್ಪೂ ನಿಜಕ್ಕೆ ತಪ್ಪಲ್ಲ. ಅವನ ಕೈಕಾಲಿನಲ್ಲಿ ಇನ್ನೂ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಇದ್ದ ಕಾಲದ ಗಾಡಿ ಓಡುತ್ತಿದೆ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಆ ತಲೆಮಾರಿನ ಗುರುಕುಲ: 796 ಸಿಸಿ, ಮೂರು ಸಿಲಿಂಡರ್, ನಾಲ್ಕು ಗೇರ್. ಚಳಿಗಾಲದ ಬೆಳಿಗ್ಗೆ ಚೋಕ್ ಎಳೆಯಬೇಕು, ಎಂಜಿನ್ ಹಿಡಿದ ಮೇಲೆ ಮೆಲ್ಲಗೆ ಒಳಗೆ ತಳ್ಳಬೇಕು. ಮರೆತರೆ ಪೆಟ್ರೋಲ್ ಜಾಸ್ತಿಯಾಗಿ ಪ್ಲಗ್ ಕಪ್ಪಾಗುತ್ತಿತ್ತು. ಮೇ ತಿಂಗಳ ನಡುಹಗಲಿನದು ಬೇರೆ ಕಥೆ. ಆ ಗಾಡಿಗಳ ಪೆಟ್ರೋಲ್ ಪಂಪ್ ಎಂಜಿನ್ನಿಗೇ ಅಂಟಿಕೊಂಡಿದ್ದು ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿ ತರುತ್ತಿತ್ತು. ಹೊರಗೆ 43 ಡಿಗ್ರಿ, ಬಾನೆಟ್ ಒಳಗೆ ಕುಲುಮೆ; ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಪಂಪ್ ಬರೀ ಗಾಳಿ ಜಗಿಯುತ್ತಿತ್ತು. ಗಾಡಿ ಬಂದ್. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಬೇವಿನ ಮರದಡಿ ಅರ್ಧ ತಾಸು ಕೂತರೆ ಮತ್ತೆ ಚಾಲೂ. "ಗಾಡಿ ದಣಿದದ, ನೆಳ್ಳಿಗಿ ನಿಂದ್ರಸು" ಎಂಬ ಮಾತು ಎತ್ತಿಗೆ ಹೇಳಿದಂತೆ ಕೇಳಿದರೂ ಮೆಕ್ಯಾನಿಕ್ಕಿನ ಲೆಕ್ಕಕ್ಕೆ ಸರಿಯಾಗಿಯೇ ಇತ್ತು. ಈಗಿನ ಗಾಡಿಗಳಲ್ಲಿ ಪಂಪ್ ಟ್ಯಾಂಕಿನೊಳಗೇ ಇದ್ದು ಒತ್ತಡ ಹಾಕಿ ದೂಡುತ್ತದೆ, ಆ ರೋಗವಿಲ್ಲ. ಅಪ್ಪನ ಡಿಕ್ಕಿಯಲ್ಲಿ ಒದ್ದೆ ಬಟ್ಟೆಗೆಂದು ಇಟ್ಟ ಹಳೇ ಧೋತರ ಮಾತ್ರ ಇನ್ನೂ ಇದೆ.

ಅದರ ಪಕ್ಕದಲ್ಲೇ ಐದು ಲೀಟರಿನ ನೀರಿನ ಕ್ಯಾನು. ಇದು ಅಪಾಯದ್ದು. "ಗಾಡಿಗಿ ನೀರ್ ಕುಡಸೀಯೇನಲೇ?" ಎಂದು ಕೇಳುತ್ತ ಅಪ್ಪ ಬಾನೆಟ್ ಎತ್ತುತ್ತಾನೆ. ಶಹಾಬಾದ್ ಫರಸಿ ಕಲ್ಲು ಸಿಗುವ, ವಾಡಿ-ಮಳಖೇಡದಲ್ಲಿ ಸಿಮೆಂಟ್ ಆಗುವ ಸುಣ್ಣಕಲ್ಲಿನ ಸೀಮೆ ಇದು. ಬೋರ್‌ವೆಲ್ ನೀರು ಕಾಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂಡುವುದು ಇಲ್ಲಿನ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಅದೇ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕೂಡುತ್ತದೆ. ಹಾಕಬೇಕಾದ್ದು ಕೂಲಂಟ್. ಗಟ್ಟಿ ಕೂಲಂಟ್ ಇದ್ದರೆ ಅರ್ಧಕ್ಕರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಬೇಕು, ಬೆರೆಸಿಯೇ ಬಂದ ಡಬ್ಬಿಯಾದರೆ ಹಾಗೇ ಸುರಿಯಬೇಕು. ಎಂಜಿನ್ ತಣ್ಣಗಿದ್ದಾಗ ಪಕ್ಕದ ಪ್ಲಾಸ್ಟಿಕ್ ಡಬ್ಬಿಯ ಎರಡು ಗೆರೆಗಳ ನಡುವೆ ಇದ್ದರೆ ಸಾಕು. ಬಿಸಿಯಿದ್ದಾಗ ಮುಚ್ಚಳ ಮುಟ್ಟಲೇಬಾರದು. ಒಳಗೆ ಒತ್ತಡ ಇರುವುದರಿಂದ 100 ಡಿಗ್ರಿ ದಾಟಿದರೂ ನೀರು ಕುದಿಯದೆ ಸುಮ್ಮನಿರುತ್ತದೆ. ಮುಚ್ಚಳ ತೆಗೆದ ಕ್ಷಣವೇ ಕುದ್ದು ಮುಖಕ್ಕೆ ಹಾರುತ್ತದೆ. ಹಾಗಂತ ಮಗನೂ ಸಾಚಾ ಅಲ್ಲ. ಅವನು ಬಾನೆಟ್ ಎತ್ತಿದ್ದು ಗಾಡಿ ತಂದ ದಿನ, ಫೋಟೋಕ್ಕೆ.

ಇನ್ನು ಇಳುಕಲು. ಬೀದರ-ಹುಮನಾಬಾದಿನ ಎತ್ತರದಿಂದ ಕಲಬುರಗಿಗೆ ಇಳಿದು ಬರುವಾಗ ಅಪ್ಪನೊಳಗಿನ ಜಿಪುಣ ಎಚ್ಚರಾಗುತ್ತಾನೆ. "ನ್ಯೂಟ್ರಲ್ ಹಾಕು, ಸುಮ್ಮ ಪೆಟ್ರೋಲ್ ಯಾಕ ಸುಡ್ತಿ?" ಕಾರ್ಬ್ಯುರೇಟರ್ ಗಾಡಿಯಲ್ಲಿ ಇದರಿಂದ ನಾಲ್ಕು ಹನಿ ಉಳಿದಿದ್ದರೂ ಉಳಿದಿರಬಹುದು. ಈಗಿನ ಗಾಡಿ ಗೇರಿನಲ್ಲಿದ್ದು ಎಕ್ಸಲರೇಟರಿನಿಂದ ಕಾಲು ತೆಗೆದರೆ ಕಂಪ್ಯೂಟರ್ ಪೆಟ್ರೋಲನ್ನೇ ನಿಲ್ಲಿಸುತ್ತದೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ಆರದಂತೆ ಮತ್ತೆ ಪೆಟ್ರೋಲ್ ಕುಡಿಸಬೇಕು. ಉಳಿತಾಯ ಮಾಡಲು ಹೋಗಿ ಖರ್ಚು ಮಾಡುವುದು ಎಂದರೆ ಇದೇ. ಇನ್ನೂ ಮುಂದೆ ಹೋಗಿ ಕೀಲಿ ತಿರುವಿ ಎಂಜಿನ್ ಆರಿಸುವ ಮಹಾನುಭಾವರೂ ಇದ್ದಾರೆ. ಆಗ ಎರಡು-ಮೂರು ಸಲ ಒತ್ತುವಷ್ಟರಲ್ಲಿ ಬ್ರೇಕ್ ಕಲ್ಲಾಗುತ್ತದೆ, ಸ್ಟೇರಿಂಗ್ ಬೀಸುವ ಕಲ್ಲಿನಷ್ಟು ಭಾರ. ಕೀಲಿ ಪೂರ್ತಿ ಹೊರಗೆ ಬಂದರೆ ಸ್ಟೇರಿಂಗ್ ಲಾಕ್ ಕೂಡ.

ಟೈರಿನ ಹವಾ ವಿಷಯಕ್ಕೆ ಎರಡೂ ತಲೆಮಾರಿಗೆ ಶೂನ್ಯ ಅಂಕ. ಅಪ್ಪ ಒದ್ದು ನೋಡುತ್ತಾನೆ. "ಬ್ಯಾಸಗ್ಯಾಗ ಹವಾ ಕಮ್ಮಿ ಇಡು, ಇಲ್ಲಂದ್ರ ಟೈರ್ ಒಡಿತದ" ಎಂಬುದು ಅವನ ಶಾಸ್ತ್ರ. ಆಗುವುದು ಉಲ್ಟಾ. ಹವಾ ಕಮ್ಮಿಯಾದ ಟೈರಿನ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಮಡಚಿ ಬಿಚ್ಚಿ ಕಾಯುತ್ತದೆ, ಒಡೆಯುವುದು ಅಂಥದ್ದೇ. ಎಷ್ಟು ಹವಾ ಅನ್ನುವುದು ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲಿನ ಚೀಟಿಯಲ್ಲಿದೆ. ಸಣ್ಣ ಕಾರುಗಳಿಗೆ 30ರಿಂದ 35 ಪಿಎಸ್‌ಐ ಆಸುಪಾಸು. ಬೆಳಿಗ್ಗೆ ಗಾಡಿ ಓಡುವ ಮೊದಲು ನೋಡಬೇಕು. 10 ಡಿಗ್ರಿ ಬಿಸಿಯೇರಿದರೆ ಒಂದೂವರೆ ಪಿಎಸ್‌ಐ ತಾನೇ ಏರುತ್ತದೆ, ಅದನ್ನು ಕಂಡು ಹೆದರಿ ಹವಾ ಬಿಡಬಾರದು. ಮಗ ಒದೆಯುವುದೂ ಇಲ್ಲ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿದರೆ "ಸೆನ್ಸರ್ ಹಾಳಾಗ್ಯದ" ಅನ್ನುತ್ತಾನೆ. ಟೈರಿನ ಗೋಡೆಯ ಮೇಲೆ 2319 ಅಂತಿದ್ದರೆ ಅದು 2019ರ 23ನೇ ವಾರದಲ್ಲಿ ಹುಟ್ಟಿದ್ದು. ಈ ಮನೆಗಳಲ್ಲಿ ಮಕ್ಕಳ ಹುಟ್ಟಿದ ನಕ್ಷತ್ರ ಎಲ್ಲರಿಗೂ ಬಾಯಿಪಾಠ, ಟೈರಿನ ಹುಟ್ಟು ಯಾರಿಗೂ ಗೊತ್ತಿಲ್ಲ.

ಲೈಟ್ ಮಿಣುಕಿಸುವುದಕ್ಕೂ ಎರಡು ವ್ಯಾಕರಣ. ಅಪ್ಪನ ಪ್ರಕಾರ ಅದರರ್ಥ, "ನಾ ಬರ್ಲತ್ತೀನಿ, ನೀ ನಿಂದ್ರು." ಪರದೇಶದ ವಿಡಿಯೋ ನೋಡಿ ಕಲಿತ ಮಗನಿಗೆ ಅದರರ್ಥ, "ನೀನೇ ಹೋಗಪ್ಪ ಮೊದಲು." ಸೇಡಂ ರೋಡಿನ ಸಿಮೆಂಟ್ ಲಾರಿಯವರೆಲ್ಲ ಅಪ್ಪನ ಶಾಲೆಯಲ್ಲಿ ಓದಿದವರು ಅನ್ನುವುದು ಮಗನಿಗೆ ತಡವಾಗಿ ತಿಳಿಯುತ್ತದೆ.

ರಿವರ್ಸ್ ತೆಗೆಯಲು ಅಪ್ಪನಿಗೆ ಒಬ್ಬ ಮನುಷ್ಯ ಬೇಕು. ಅವನು ಡ್ರೈವರಿಗೆ ಕಾಣದ ಜಾಗವನ್ನೇ ಆರಿಸಿ ನಿಂತು "ಬರ್ಲಿ, ಬರ್ಲಿ, ಬರ್ಲಿ" ಅನ್ನುತ್ತಾನೆ. "ಸಾಕ್" ಅನ್ನುವುದು ಸಪ್ಪಳ ಕೇಳಿದ ಮೇಲೆ. ಮಗನಿಗೆ ಕ್ಯಾಮೆರಾ ಇದೆ, ಅದರ ಮೇಲೆ ಎರಿ ಮಣ್ಣಿನ ಧೂಳೂ ಇದೆ. ಬೀಪ್ ಅನ್ನುವ ಸೆನ್ಸರಿಗೆ ಗೋಡೆ ಕಾಣುತ್ತದೆ, ನೆಲದಿಂದ ಗೇಣುದ್ದ ಎದ್ದ ಫರಸಿ ತುಂಡು ಕಾಣುವುದಿಲ್ಲ, ತೆರೆದ ಗಟಾರವಂತೂ ಇಲ್ಲವೇ ಇಲ್ಲ. ಹೊಸ ಗಾಡಿಯ ಪೂಜೆಯ ದಿನ ಶರಣಬಸವೇಶ್ವರ ಗುಡಿಯ ಮುಂದೆ ಅದೇ ಸೆನ್ಸರ್ ಚೆಂಡುಹೂವಿನ ಹಾರವನ್ನು ಗೋಡೆ ಎಂದು ತಿಳಿದು ಮಂಗಳಾರತಿ ಮುಗಿಯುವ ತನಕ ಕೂಗುತ್ತದೆ.

ಫಾಸ್ಟ್ಯಾಗ್ ಬಗ್ಗೆ ಒಂದೇ ಮಾತು. 2021ರ ಫೆಬ್ರುವರಿಯಿಂದ ಅದು ಕಡ್ಡಾಯ. ಅದು ಇರಬೇಕಾದ್ದು ಮುಂದಿನ ಗಾಜಿನ ಒಳಬದಿಯಲ್ಲಿ. ಹೊಲಸಾದೀತು ಎಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಆರ್‌ಸಿ ಜೊತೆ ಇಟ್ಟರೆ ಟೋಲಿನ ಗೇಟು ಏಳುವುದಿಲ್ಲ.

ಎರಡೂ ತಲೆಮಾರಿನ ವಿದ್ಯೆ ಒಟ್ಟಿಗೆ ಕೈಕೊಡುವ ಜಾಗ ಒಂದಿದೆ: ಮಳೆ ಬಿದ್ದ ಮರುದಿನದ ಎರಿ ಹೊಲದ ದಾರಿ. ಮೊಬೈಲ್ ಮ್ಯಾಪಿಗೆ ಅದು ಹತ್ತು ನಿಮಿಷ ಉಳಿಸುವ ರಸ್ತೆ, ಊರವರಿಗೆ ಬಂಡಿ ದಾರಿ. ಮಗ ಮ್ಯಾಪ್ ನಂಬಿ ನುಗ್ಗುತ್ತಾನೆ. ಕರಿ ಮಣ್ಣು ಟೈರಿನ ಪಟ್ಟೆಗಳಲ್ಲಿ ತುಂಬಿ ಚಕ್ರ ಹೋಳಿಗೆ ಹೂರಣದ ಉಂಡೆಯಂತೆ ನುಣ್ಣಗಾಗುತ್ತದೆ. ಎಕ್ಸಲರೇಟರ್ ಒತ್ತಿದಷ್ಟೂ ಕೆಳಗೆ. ಮೊದಮೊದಲು ಅಪ್ಪನ ವಿದ್ಯೆ ಚಲೋ ಕೆಲಸ ಮಾಡುತ್ತದೆ: ಒತ್ತುವುದು ನಿಲ್ಲಿಸು, ಮುಂದಿನ ಚಕ್ರದ ಮಣ್ಣು ಬಗರು, ಹವಾ 20ಕ್ಕೆ ಇಳಿಸು, ಹೊಲದ ಗುಡಿಸಲ ಹಿಂದೆ ಒಟ್ಟಿದ ತೊಗರಿ ಕಟಗಿ ತಂದು ಚಕ್ರದ ಕೆಳಗೆ ಅಡ್ಡಡ್ಡ ಹಾಸು. ಮಗನ ಪಾಲು ಎರಡೇ ಕೆಲಸ: ಚಕ್ರ ಜಾರಿ ತಿರುಗದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲನ್ನು ಗುಂಡಿ ಒತ್ತಿ ಆರಿಸುವುದು, ಆಮೇಲೆ 12 ವೋಲ್ಟಿನ ಪಂಪಿನಿಂದ ಹವಾ ತುಂಬುವುದು. ಇಷ್ಟಕ್ಕೇ ಗಾಡಿ ಎದ್ದರೆ ಪುಣ್ಯ.

ಏಳದಿದ್ದರೆ ಟ್ರ್ಯಾಕ್ಟರ್ ಬರುತ್ತದೆ. ಅಂಬಾಸಿಡರಿನ ಬಂಪರ್ ಕಬ್ಬಿಣದ್ದು, ಹಗ್ಗ ಕಟ್ಟಿದರೆ ಗಾಡಿಯ ಜೊತೆ ಬರುತ್ತಿತ್ತು. ಈಗಿನದು ಪ್ಲಾಸ್ಟಿಕ್, ಕ್ಲಿಪ್ಪಿನ ಮೇಲೆ ನಿಂತಿರುವುದು. ಹಗ್ಗ ಕಟ್ಟಲೆಂದೇ ಜಾಕ್ ಇರುವ ಚೀಲದಲ್ಲಿ ಒಂದು ಕಬ್ಬಿಣದ ಕುಣಿಕೆ ಇರುತ್ತದೆ. ಬಂಪರಿನ ಮೇಲಿನ ಸಣ್ಣ ಚೌಕ ಮುಚ್ಚಳ ತೆಗೆದು ಅದನ್ನು ಪೂರ್ತಿ ಬಿಗಿಯಬೇಕು. ಕೆಲವು ಗಾಡಿಗಳಲ್ಲಿ ಅದು ಉಲ್ಟಾ ತಿರುಗುತ್ತದೆ. ಈ ಕುಣಿಕೆ ಅಪ್ಪನಿಗೆ ಗೊತ್ತಿಲ್ಲ. ಮಗ ಅದರ ವಿಡಿಯೋ ಹುಡುಕುತ್ತಿದ್ದಾನೆ, ಹೊಲದಲ್ಲಿ ನೆಟ್‌ವರ್ಕ್ ಇಲ್ಲ. ಅಷ್ಟರಲ್ಲಿ ಅಪ್ಪ ಬಂಪರಿಗೆ ಗಂಟು ಹಾಕಿ "ಹೊಡಿ ತಮ್ಮಾ" ಎಂದು ಕೈ ಎತ್ತಿಯಾಗಿದೆ.

ಟ್ರ್ಯಾಕ್ಟರಿನವನಿಗೆ ಗಾಡಿ ಇಷ್ಟು ಹಗುರ ಬಂತಲ್ಲ ಎಂದು ಆಶ್ಚರ್ಯ. ಡಾಂಬರ್ ರೋಡ್ ಮುಟ್ಟಿದ ಮೇಲೆ ತಿರುಗಿ ನೋಡುತ್ತಾನೆ: ಹಗ್ಗದ ತುದಿಯಲ್ಲಿ ಬಂಪರ್, ಬಂಪರಿನ ಮೇಲೆ ಕೆಎ 32.